ಲೆಮ್ಕೊ ಎಂಬ ಜನ: ಕಾರ್ಪೇಥಿಯನ್ ಬೆಟ್ಟ ಬಿಟ್ಟು ಅಮೆರಿಕಕ್ಕೆ ಹೋದವರ ಪತ್ರಿಕೆ, ಹಾಡು, ಸಂಘ. ಗೊತ್ತಿದ್ದವರು ಹೇಳಿ

ಹೊಳೆದಂಡೆ ವಾಣಿ:
ಎಲ್ಲರಿಗೂ ನಮಸ್ಕಾರ. ನಾನಿರುವುದು ಕ್ಲೀವ್‌ಲ್ಯಾಂಡಿನಲ್ಲಿ. ಇಲ್ಲಿ ಟ್ರೆಮಾಂಟ್ ಅಂತ ಒಂದು ಹಳೇ ಬಡಾವಣೆ ಇದೆ. ಕೆಳಗೆ ಕಣಿವೆಯಲ್ಲಿ ಉಕ್ಕಿನ ಕಾರ್ಖಾನೆ, ಮೇಲೆ ದಿಣ್ಣೆಯ ಮೇಲೆ ಒತ್ತೊತ್ತಾಗಿ ಮರದ ಮನೆಗಳು. ಬೀದಿಗಳ ಹೆಸರು ಲಿಟರರಿ, ಪ್ರೊಫೆಸರ್, ಯೂನಿವರ್ಸಿಟಿ! 1850ರ ದಶಕದಲ್ಲಿ ಅಲ್ಲೊಂದು ವಿಶ್ವವಿದ್ಯಾಲಯ ಶುರುವಾಗಿ ಕೆಲವೇ ವರ್ಷಕ್ಕೆ ಮುಚ್ಚಿಹೋಯಿತಂತೆ. ಹೆಸರುಗಳು ಮಾತ್ರ ಉಳಿದವು.

ಮೊನ್ನೆ ಅಲ್ಲಿ ನಡೆಯುತ್ತಾ ಹೋಗುವಾಗ ಜೊತೆಗಿದ್ದ ಗೆಳತಿ ಮೂಲೆಯ ಒಂದು ಕಟ್ಟಡ ತೋರಿಸಿ "ಇದು ಲೆಮ್ಕೊ ಹಾಲ್" ಅಂದಳು. 1978ರ ಒಂದು ಹೆಸರಾಂತ ಹಾಲಿವುಡ್ ಚಿತ್ರದ ಮದುವೆ ಊಟ, ಕುಣಿತ ಎಲ್ಲ ಅಲ್ಲೇ ಚಿತ್ರೀಕರಣ ಆಗಿದ್ದಂತೆ. ಮದುವೆಯ ಶಾಸ್ತ್ರ ಅಲ್ಲೇ ಹತ್ತಿರದ ಸೇಂಟ್ ಥಿಯೊಡೋಸಿಯಸ್ ಚರ್ಚಿನಲ್ಲಿ. ಆ ಚರ್ಚನ್ನು ನಾನು ಮೊದಲೇ ನೋಡಿದ್ದೆ, 1911ರದ್ದು, ಹದಿಮೂರು ಈರುಳ್ಳಿ ಆಕಾರದ ಗುಮ್ಮಟ. ಆದರೆ ಲೆಮ್ಕೊ ಅಂದರೆ ಯಾರು? ಗೆಳತಿಗೂ ಗೊತ್ತಿಲ್ಲ. ಮನೆಗೆ ಬಂದು ಹುಡುಕಿದರೆ ಒಬ್ಬರು ಉಕ್ರೇನಿಯನ್ ಅಂತಾರೆ, ಒಬ್ಬರು ರಷ್ಯನ್ ಅಂತಾರೆ, ಮತ್ತೊಬ್ಬರು ಪೋಲೆಂಡಿನವರು ಅಂತಾರೆ. ಒಂದು ಜನಕ್ಕೆ ಇಷ್ಟು ದೊಡ್ಡ ಸಭಾಭವನ ಇತ್ತು ಅಂದಮೇಲೆ ಅವರ ಬಗ್ಗೆ ಇಷ್ಟು ಗೊಂದಲ ಯಾಕೆ? ಯಾರಾದರೂ ಓದಿದವರು ಇದ್ದೀರಾ?

ಶಿವಮೊಗ್ಗ ಮೇಷ್ಟ್ರು:
ವಾಣಿಯವರೇ, ಈ ಹೆಸರನ್ನು ಇಲ್ಲಿ ನೋಡುತ್ತೇನೆ ಅಂದುಕೊಂಡಿರಲಿಲ್ಲ. ಕಾಲೇಜಿನಲ್ಲಿ ಯುರೋಪಿನ ಇತಿಹಾಸ ಪಾಠ ಮಾಡುತ್ತಿದ್ದ ಕಾಲದಿಂದ ನನ್ನನ್ನು ಹಿಡಿದುಕೊಂಡ ವಿಷಯ ಇದು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಕಾರ್ಪೇಥಿಯನ್ ಬೆಟ್ಟಸಾಲಿನ ಉತ್ತರದ ಇಳಿಜಾರು, ಈಗಿನ ಪೋಲೆಂಡಿನ ಆಗ್ನೇಯ ಅಂಚು, ಇವರ ನೆಲ. ಹತ್ತಿರದ ಪಟ್ಟಣಗಳು ಕ್ರಿನಿತ್ಸಾ, ಗೊರ್ಲಿತ್ಸೆ, ಸಾನೊಕ್. 1918ರವರೆಗೆ ಅದು ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯದ ಗಲೀಷಿಯಾ ಪ್ರಾಂತ. ಬೆಟ್ಟದ ದಕ್ಷಿಣಕ್ಕೆ, ಅದೇ ಸಾಮ್ರಾಜ್ಯದ ಹಂಗೆರಿ ಭಾಗದಲ್ಲಿ, ಇವರ ನೆಂಟ ಜನವೇ ಇದ್ದರು. ಎಲ್ಲರನ್ನೂ ಸೇರಿಸಿ ಕಾರ್ಪೇಥಿಯನ್ ರುಸಿನ್ ಅನ್ನುತ್ತಾರೆ. ಇವರು ತಮ್ಮನ್ನು ಕರೆದುಕೊಳ್ಳುತ್ತಿದ್ದುದು 'ರುಸ್ನಾಕ್' ಅಂತ. 'ಲೆಮ್ಕೊ' ಪಕ್ಕದವರು ಕೊಟ್ಟ ಅಡ್ಡಹೆಸರು. 'ಮಾತ್ರ', 'ಬರೀ' ಅನ್ನುವುದಕ್ಕೆ ಇವರ ಬಾಯಲ್ಲಿ 'ಲೆಮ್' ಅನ್ನುವ ಪದ ಬರುತ್ತದೆ. ಮಾತುಮಾತಿಗೆ 'ಲೆಮ್' ಅನ್ನುವವರು ಲೆಮ್ಕೊ. ಆ ಅಡ್ಡಹೆಸರನ್ನೇ ಇವರು ಇಪ್ಪತ್ತನೇ ಶತಮಾನದಲ್ಲಿ ಎದೆಗಪ್ಪಿಕೊಂಡರು.

ಬೆಟ್ಟದ ತೆಳು ಮಣ್ಣು. ಓಟ್ಸ್, ಆಲೂಗಡ್ಡೆ, ಕುರಿ, ಒಂದೆರಡು ಎತ್ತು. ಅಪ್ಪನ ಹೊಲ ಮಕ್ಕಳಿಗೆ ಪಾಲಾಗಿ ಪಾಲಾಗಿ ಪಟ್ಟಿಗಳಾಯಿತು. ಬೇಸಿಗೆಯಲ್ಲಿ ಕೊಯ್ಲಿನ ಕೂಲಿಗೆ ಹಂಗೆರಿಯ ಬಯಲಿಗೆ ಇಳಿಯುತ್ತಿದ್ದರು. ವೊಶೆ ಅನ್ನುವ ಹಳ್ಳಿಯವರು ಗಾಡಿಯ ಅಚ್ಚಿಗೆ ಹಚ್ಚುವ ಕೀಲೆಣ್ಣೆ ಮಾರುತ್ತಾ ದೇಶ ದೇಶ ಸುತ್ತುತ್ತಿದ್ದರು, ಬಾರ್ತ್ನೆಯವರು ಕಲ್ಲು ಕೆತ್ತುತ್ತಿದ್ದರು. 1880ರ ಸುಮಾರಿಗೆ ಅಮೆರಿಕದ ಸುದ್ದಿ ಬಂತು.

ಗಡಿಯಾರ ಗೋಪಿ:
ಮೇಷ್ಟ್ರೇ, ಹೋಗಿ ಏನು ಕೆಲಸ ಮಾಡಿದರು? ಹೊಲವೇ?

ಶಿವಮೊಗ್ಗ ಮೇಷ್ಟ್ರು:
ಹೊಲ ಅಲ್ಲ ಗೋಪಿ, ಕಲ್ಲಿದ್ದಲು. ಪೆನ್ಸಿಲ್ವೇನಿಯಾದ ಈಶಾನ್ಯದಲ್ಲಿ ಆಂಥ್ರಸೈಟ್ ಅನ್ನುವ ಗಟ್ಟಿ ಕಲ್ಲಿದ್ದಲು ಸಿಗುತ್ತದೆ. ಶೆನಂಡೋವಾ, ಮೇಫೀಲ್ಡ್, ಒಲಿಫಂಟ್, ಹೀಗೆ ಗಣಿಯೂರುಗಳ ಸಾಲು. ಆಮೇಲೆ ಪಿಟ್ಸ್‌ಬರ್ಗ್ ಸುತ್ತಲ ಉಕ್ಕು, ಕ್ಲೀವ್‌ಲ್ಯಾಂಡ್, ನ್ಯೂಯಾರ್ಕ್ ಪಕ್ಕದ ಯಾಂಕರ್ಸಿನ ಸಕ್ಕರೆ ಕಾರ್ಖಾನೆ, ರತ್ನಗಂಬಳಿ ಮಿಲ್ಲು, ನ್ಯೂಜೆರ್ಸಿಯ ಪಸೇಯಿಕ್‌ನ ಉಣ್ಣೆ ಮಿಲ್ಲುಗಳು.

ಶುರುವಿನಲ್ಲಿ ಯಾರೂ ಅಲ್ಲೇ ಇರಲಿಕ್ಕೆ ಹೋದವರಲ್ಲ. ನಾಲ್ಕು ವರ್ಷ ದುಡಿದು, ವಾಪಸ್ ಬಂದು ನಾಲ್ಕು ಪಟ್ಟಿ ಹೊಲ ಕೊಳ್ಳುವ ಲೆಕ್ಕ. ಎಷ್ಟೋ ಜನ ಎರಡು ಸಲ, ಮೂರು ಸಲ ಹೋಗಿಬಂದರು. ಮದುವೆಯಾದವರೊಬ್ಬರು ಮನೆ ಬಾಡಿಗೆಗೆ ಹಿಡಿದರೆ ಒಂಟಿ ಗಂಡಸರು ಹತ್ತಾರು ಮಂದಿ ಅಲ್ಲಿ 'ಬುರ್ದ್' ಇರುತ್ತಿದ್ದರು. ಇಂಗ್ಲಿಷಿನ ಬೋರ್ಡಿಂಗ್ ಅವರ ನಾಲಗೆಯಲ್ಲಿ ಹಾಗಾಯಿತು. ಗಣಿ 'ಮಾಯ್ನಾ', ಅಂಗಡಿ 'ಶ್ಟೋರ್', ಸಂಬಳದ ದಿನ 'ಪೇಯ್ದಾ'. ಆ ಮನೆಯೊಡತಿಯನ್ನು ನೆನೆಸಿಕೊಳ್ಳಿ: ಹಗಲು ಪಾಳಿಯವರಿಗೆ ಬುತ್ತಿ, ರಾತ್ರಿ ಪಾಳಿಯವರಿಗೆ ಊಟ, ಎಲ್ಲರ ಕರಿಮಸಿ ಬಟ್ಟೆ ಒಗೆತ, ನಡುವೆ ಬಾಣಂತನ. ವಲಸೆಯ ಇತಿಹಾಸದಲ್ಲಿ ಗಣಿಯ ಬಗ್ಗೆ ನೂರು ಪುಟ ಇದ್ದರೆ ಈ ಹೆಂಗಸರ ಬಗ್ಗೆ ಹತ್ತು ಸಾಲು. ನನಗೆ ಅದು ತುಂಬಾ ನೋವಿನ ಸಂಗತಿ.

ನಾಗವೇಣಿ, ಕ್ಲಿಫ್ಟನ್:
ಮೇಷ್ಟ್ರೇ, ನಮಸ್ಕಾರ. ನಾನಿರುವುದು ಪಸೇಯಿಕ್ ಪಕ್ಕದಲ್ಲೇ. ನಮ್ಮ ಬೀದಿಯ ಒಬ್ಬ ಅಜ್ಜಿ (ಈಗ ತೊಂಬತ್ತರ ಹತ್ತಿರ) ಲೆಮ್ಕೊ ಮನೆತನದವರು ಅಂತ ನನಗೆ ಗೊತ್ತಾಗಿದ್ದೇ ಈ ಚರ್ಚೆ ಓದಿ, ಹೋಗಿ ಕೇಳಿದ ಮೇಲೆ! ಪ್ರತಿ ವರ್ಷ ಜನವರಿ 6ರ ರಾತ್ರಿ ಅವರ ಮನೆಯಲ್ಲಿ ಹಬ್ಬದೂಟ. ನಾನು ಇಷ್ಟು ದಿನ ರಷ್ಯನ್ ಕ್ರಿಸ್‌ಮಸ್ ಅಂದುಕೊಂಡಿದ್ದೆ. ಅವರು ಅದನ್ನು 'ವಿಲಿಯಾ' ಅನ್ನುತ್ತಾರೆ. ಮಾಂಸ ಇಲ್ಲ, ಹಾಲು ತುಪ್ಪ ಇಲ್ಲ. ಮೊದಲ ನಕ್ಷತ್ರ ಕಾಣುವವರೆಗೆ ಊಟಕ್ಕೆ ಕೂರುವ ಹಾಗಿಲ್ಲ. ಅಣಬೆ, ಬಟಾಣಿ, ಹುಳಿ ಎಲೆಕೋಸು, ಮತ್ತೆ 'ಕೆಸೆಲಿತ್ಸಾ' ಅನ್ನುವ ಒಂದು ಗಂಜಿ: ಓಟ್ಸ್ ಹಿಟ್ಟನ್ನು ನೀರಲ್ಲಿ ಕಲಸಿ ಹುಳಿ ಬರಲು ಬಿಟ್ಟು ಆಮೇಲೆ ಕುದಿಸುವುದು. ಒಂದು ಗುಟುಕು ಕುಡಿದೆ. ನಮ್ಮಜ್ಜಿಯ ಹುಳಿ ಅಂಬಲಿಯೇ ನೆನಪಾಯಿತು.

ಅವರ ಅಜ್ಜಿ ಉಣ್ಣೆ ಮಿಲ್ಲಿನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದರಂತೆ. ಹಗಲು ಮಕ್ಕಳು, ರಾತ್ರಿ ಮಿಲ್ಲು. 1926ರ ದೊಡ್ಡ ಮುಷ್ಕರದಲ್ಲಿ ಬೀದಿಗೆ ಇಳಿದವರು.

ಶಿವಮೊಗ್ಗ ಮೇಷ್ಟ್ರು:
ನಾಗವೇಣಿಯವರೇ, ಇದಕ್ಕಿಂತ ಒಳ್ಳೆಯ ಆಕರ ಯಾವುದಿದೆ! ಆ ಅಜ್ಜಿಯ ಮಾತನ್ನು ದಯವಿಟ್ಟು ಬರೆದಿಟ್ಟುಕೊಳ್ಳಿ. 1926ರ ಪಸೇಯಿಕ್ ಮುಷ್ಕರದಲ್ಲಿ 15 ಸಾವಿರಕ್ಕೂ ಹೆಚ್ಚು ಉಣ್ಣೆ ಮಿಲ್ ಕಾರ್ಮಿಕರು ಹೊರಬಂದಿದ್ದರು, ಅವರಲ್ಲಿ ಬಹುಪಾಲು ಪೂರ್ವ ಯುರೋಪಿನಿಂದ ಬಂದವರು, ಹೆಂಗಸರೂ ಬಹಳ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಸಂಘದ ರಾಜಕೀಯದ ಮಾತು ಬಂದಾಗ ಬೇಕಾಗುತ್ತದೆ.

ಬಿಳಿಗಿರಿ:
ಕ್ಷಮಿಸಿ, ಒಂದು ತಕರಾರು. ಇವರು ಉಕ್ರೇನಿಯನ್ನರ ಒಂದು ಪಂಗಡ ತಾನೆ? ಹಾಗಂತಲೇ ಓದಿದ್ದೇನೆ. ಬೇರೆಯೇ ಒಂದು 'ಜನ' ಅಂತ ಹೇಳುವುದು ಈಚಿನ ಪ್ರತಿಪಾದನೆ ಅಲ್ಲವೆ? ಬೋಗ್ದಾನ್ ಇಹೋರ್ ಆಂತೋನಿಚ್ ಅನ್ನುವ ಉಕ್ರೇನಿಯನ್ ಕವಿ 1909ರಲ್ಲಿ ನೊವಿತ್ಸಾ ಅನ್ನುವ ಲೆಮ್ಕೊ ಹಳ್ಳಿಯಲ್ಲೇ ಹುಟ್ಟಿದವನು. ಬರೆದದ್ದು ಉಕ್ರೇನಿಯನ್‌ನಲ್ಲಿ.

ಶಿವಮೊಗ್ಗ ಮೇಷ್ಟ್ರು:
ತಕರಾರು ಸರಿಯಾದದ್ದೇ. ಆಂತೋನಿಚ್ ವಿಷಯವೂ ನಿಜ. ಇವತ್ತಿಗೂ ಲೆಮ್ಕೊಗಳಲ್ಲಿ ಒಂದು ಪಾಲು ನಾವು ಉಕ್ರೇನಿಯನ್ನರು ಅನ್ನುತ್ತಾರೆ, ಇನ್ನೊಂದು ಪಾಲು ನಾವು ರುಸಿನರು, ಬೇರೆ ಅನ್ನುತ್ತಾರೆ. ಅವರ ಬಗ್ಗೆ ಶಿವಮೊಗ್ಗದಲ್ಲಿ ಕೂತು ತೀರ್ಪು ಕೊಡುವ ಹಕ್ಕು ನನಗಿಲ್ಲ. ಆದರೆ ಆ ಒಡಕು ಹೇಗೆ ಬೆಳೆಯಿತು ಅನ್ನುವುದನ್ನು ಹೇಳಬಹುದು. ಅಮೆರಿಕದ ಚರ್ಚುಗಳಲ್ಲಿ ಅದು ಕಣ್ಣಿಗೆ ಕಟ್ಟುತ್ತದೆ.

ಇವರು ಗ್ರೀಕ್ ಕ್ಯಾಥೊಲಿಕರು. ಪೂಜಾವಿಧಿ ಪೂರ್ವದ್ದು, ಪಾದ್ರಿಗಳಿಗೆ ಹೆಂಡತಿ ಮಕ್ಕಳು ಇರಬಹುದು, ಆದರೆ ಒಪ್ಪಿಕೊಂಡದ್ದು ರೋಮಿನ ಪೋಪನನ್ನು. 1884ರಲ್ಲಿ ಇವಾನ್ ವೊಲ್ಯಾನ್‌ಸ್ಕಿ ಎಂಬ ಪಾದ್ರಿ ಶೆನಂಡೋವಾಕ್ಕೆ ಬಂದಾಗ ಅಲ್ಲಿನ ಕ್ಯಾಥೊಲಿಕ್ ಅಧಿಕಾರಿಗಳು 'ಹೆಂಡತಿ ಇರುವ ಪಾದ್ರಿಯೇ' ಅಂತ ಅವನನ್ನು ಒಪ್ಪಿಕೊಳ್ಳಲಿಲ್ಲ. ಮಿನಿಯಾಪೊಲಿಸ್‌ನಲ್ಲಿ ಅಲೆಕ್ಸಿಸ್ ತೋತ್ ಎಂಬ ಪಾದ್ರಿಗೆ 1889ರಲ್ಲಿ ಅದೇ ಅವಮಾನ ಆಯಿತು. ತೋತ್ ಬೆಟ್ಟದ ದಕ್ಷಿಣದವನು, ಹೆಂಡತಿ ತೀರಿಕೊಂಡಿದ್ದಳು, ಆದರೂ. 1891ರಲ್ಲಿ ಅವನು ತನ್ನ ಚರ್ಚಿನವರನ್ನೆಲ್ಲ ಕರೆದುಕೊಂಡು ಆರ್ಥೊಡಾಕ್ಸ್ ಪಂಥಕ್ಕೆ ಸೇರಿದ. ಆಮೇಲೆ ಪೆನ್ಸಿಲ್ವೇನಿಯಾದ ಗಣಿಯೂರುಗಳಲ್ಲಿ ಚರ್ಚಿನ ಮೇಲೆ ಚರ್ಚು ಅದೇ ದಾರಿ ಹಿಡಿಯಿತು. ಆರ್ಥೊಡಾಕ್ಸ್ ಅಂದರೆ ಆಗ ರಷ್ಯನ್ ಚರ್ಚು. ಹೀಗೆ ಹೋದವರ ಮಕ್ಕಳು 'ನಾವು ರಷ್ಯನ್' ಅಂತ ಬೆಳೆದರು.

ಕ್ಯಾಥೊಲಿಕರಾಗಿ ಉಳಿದವರಿಗೆ 1924ರಲ್ಲಿ ರೋಮ್ ಇಬ್ಬರು ಬಿಷಪ್‌ಗಳನ್ನು ಕೊಟ್ಟಿತು. ಹಂಗೆರಿ ಕಡೆಯಿಂದ ಬಂದವರಿಗೆ ಪಿಟ್ಸ್‌ಬರ್ಗಿನಲ್ಲಿ ಒಬ್ಬರು, ಗಲೀಷಿಯಾದಿಂದ ಬಂದವರಿಗೆ ಫಿಲಡೆಲ್ಫಿಯಾದಲ್ಲಿ ಒಬ್ಬರು. ಸಾಮ್ರಾಜ್ಯ ಸತ್ತು ಆರು ವರ್ಷವಾಗಿತ್ತು. ಅದರ ಒಳಗಿನ ಗಡಿ ಮಾತ್ರ ಅಟ್ಲಾಂಟಿಕ್ ದಾಟಿ ಪೆನ್ಸಿಲ್ವೇನಿಯಾದ ನಡುವೆ ಹರಿಯಿತು. ಲೆಮ್ಕೊಗಳು ಗಲೀಷಿಯಾದವರು, ಹಾಗಾಗಿ ಫಿಲಡೆಲ್ಫಿಯಾದ ಪಾಲಿಗೆ, ಅಂದರೆ ಉಕ್ರೇನಿಯನ್ ಚರ್ಚಿಗೆ. ಬೆಟ್ಟದ ಆಚೆಯ ಅಣ್ಣತಮ್ಮಂದಿರು ಪಿಟ್ಸ್‌ಬರ್ಗಿಗೆ. ಒಂದೇ ಗಣಿ, ಒಂದೇ ಪಾಳಿ, ಒಂದೇ ಮಾತು. ಭಾನುವಾರ ಮೂರು ಬೇರೆ ಬೇರೆ ಬಾಗಿಲು.

ವಾಣಿಯವರೇ, ನೀವು ಕೇಳಿದ ಗೊಂದಲದ ಬೇರು ಇಲ್ಲಿದೆ.

ಪುತ್ತೂರಿನ ಹುಡುಗ:
ಮನೆಯಲ್ಲಿ ತುಳು ಮಾತಾಡುವ ನನಗೆ "ಅದು ಭಾಷೆಯೋ ಉಪಭಾಷೆಯೋ" ಅನ್ನುವ ಪ್ರಶ್ನೆ ಎಷ್ಟು ಚುಚ್ಚುತ್ತದೆ ಅಂತ ಗೊತ್ತು. ಅದಕ್ಕೇ ಕೇಳುತ್ತಿದ್ದೇನೆ: ಲೆಮ್ಕೊ ಮಾತಿನಲ್ಲಿ ಮುದ್ರಣ, ಪತ್ರಿಕೆ, ನಾಟಕ ಏನಾದರೂ ಇತ್ತೇ?

ಶಿವಮೊಗ್ಗ ಮೇಷ್ಟ್ರು:
ಇತ್ತು, ಮತ್ತು ಈ ಚರ್ಚೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ.

ಮೊದಲು ಎರಡು ಮಾತು ಹಿನ್ನೆಲೆ. 1914ರಲ್ಲಿ ಯುದ್ಧ ಶುರುವಾದಾಗ ಆಸ್ಟ್ರಿಯಾ ಸರಕಾರಕ್ಕೆ ಇವರ ಮೇಲೆ ರಷ್ಯಾ ಪರ ಅನ್ನುವ ಗುಮಾನಿ. ಓದು ಬರಹ ಬಲ್ಲವರನ್ನು, ಪಾದ್ರಿಗಳನ್ನು, ಪತ್ರಿಕೆ ತರಿಸುತ್ತಿದ್ದ ರೈತರನ್ನು ಹಿಡಿದು ಗ್ರಾಟ್ಸ್ ಹತ್ತಿರದ ತಾಲೆರ್‌ಹೋಫ್ ಶಿಬಿರಕ್ಕೆ ಅಟ್ಟಿದರು. ಮೊದಲ ಚಳಿಗಾಲದಲ್ಲಿ ಟೈಫಸ್ ಬಂದು ಜನ ಸಾಲುಸಾಲಾಗಿ ಸತ್ತರು. ಮಾಕ್ಸಿಮ್ ಸಾಂದೊವಿಚ್ ಎಂಬ ಇಪ್ಪತ್ತೆಂಟರ ಪಾದ್ರಿಯನ್ನು 1914ರ ಸೆಪ್ಟೆಂಬರ್ 6ರಂದು ಗೊರ್ಲಿತ್ಸೆಯಲ್ಲಿ ವಿಚಾರಣೆಯಿಲ್ಲದೆ ಗುಂಡಿಕ್ಕಿ ಕೊಂದರು. ಬಸುರಿ ಹೆಂಡತಿ ಅದನ್ನು ಕಣ್ಣಾರೆ ನೋಡಬೇಕಾಯಿತು. ಯುದ್ಧ ಮುಗಿದ ಮೇಲೆ, 1918ರ ಡಿಸೆಂಬರ್ 5ರಂದು ಫ್ಲೊರಿಂಕಾ ಹಳ್ಳಿಯಲ್ಲಿ ನೂರಕ್ಕೂ ಹೆಚ್ಚು ಹಳ್ಳಿಗಳ ಪ್ರತಿನಿಧಿಗಳು ಸೇರಿ ತಮ್ಮದೇ ಗಣರಾಜ್ಯ ಸಾರಿದರು. ಮೊದಲು ರಷ್ಯಾಕ್ಕೆ ಸೇರುವ ಆಸೆ, ಅದು ಆಗದೆ ಚೆಕೊಸ್ಲೊವಾಕಿಯಾಕ್ಕೆ. ಎರಡೂ ಆಗಲಿಲ್ಲ. 1921ರಲ್ಲಿ ಅದರ ಮುಖಂಡ ಯಾರೊಸ್ಲಾವ್ ಕಾಚ್ಮಾರ್ಚಿಕ್ ಮತ್ತು ಜೊತೆಯವರನ್ನು ಪೋಲೆಂಡ್ ಬಂಧಿಸಿ ವಿಚಾರಣೆಗೆ ನಿಲ್ಲಿಸಿತು. ನ್ಯಾಯಾಲಯ ಬಿಡುಗಡೆ ಮಾಡಿತು.

ಬೆಟ್ಟದ ದಕ್ಷಿಣದವರ ಕಥೆ ಬೇರೆಯಾಯಿತು. ಅವರ ಭವಿಷ್ಯವನ್ನು ನಿರ್ಧರಿಸಲು ಅಮೆರಿಕದಲ್ಲೇ ವಲಸಿಗರ ಸಂಘಗಳು, ಚರ್ಚುಗಳು 1918ರ ಕೊನೆಗೆ ಮತ ಹಾಕಿದವು! ಮೂರನೇ ಎರಡರಷ್ಟು ಮತ ಚೆಕೊಸ್ಲೊವಾಕಿಯಾಕ್ಕೆ ಬಿತ್ತು, ಹಾಗೇ ಆಯಿತು ಕೂಡ. ಉತ್ತರದ ಲೆಮ್ಕೊಗಳು ಮಾತ್ರ ಪೋಲೆಂಡಿನಲ್ಲಿ ಉಳಿದರು.

ಅದೇ ಹೊತ್ತಿಗೆ ಅಮೆರಿಕದ ಬಾಗಿಲು ಮುಚ್ಚಿತು. 1921ರಲ್ಲಿ ಒಂದು ಕಾನೂನು, 1924ರಲ್ಲಿ ಇನ್ನೂ ಬಿಗಿಯಾದದ್ದು. 1924ರ ಲೆಕ್ಕದಲ್ಲಿ ಇಡೀ ಪೋಲೆಂಡಿಗೆ ಸಿಕ್ಕ ಕೋಟಾ ವರ್ಷಕ್ಕೆ 5,982 ಜನ. ಆಮೇಲೆ ಊರು ಬಿಟ್ಟವರು ಕೆನಡಾಕ್ಕೆ, ಅರ್ಜೆಂಟೀನಾಕ್ಕೆ ಹೋದರು. ಅಮೆರಿಕದಲ್ಲಿದ್ದವರಿಗೆ ಈಗ ಊರಿಗೆ ಹೋದರೆ ಮತ್ತೆ ಬರಲು ಸಿಗುತ್ತದೋ ಇಲ್ಲವೋ ಅನ್ನುವ ಹೆದರಿಕೆ. ಹೋಗಿಬರುವ ಕೂಲಿಗಳಾಗಿದ್ದವರು ಅಲ್ಲೇ ನೆಲೆನಿಂತರು. ಸಭಾಭವನ, ನಾಟಕ ತಂಡ, ಪತ್ರಿಕೆ, ಪಂಚಾಂಗದಂಥ ವಾರ್ಷಿಕ ಪುಸ್ತಕ, ಇವೆಲ್ಲ 1920ರ ದಶಕದ ಕೊನೆಗೆ ಒಟ್ಟೊಟ್ಟಿಗೆ ಹುಟ್ಟಿಕೊಂಡದ್ದು ಬಾಗಿಲು ಮುಚ್ಚಿದ್ದಕ್ಕೇ ಎಂದು ನನ್ನ ಅಭಿಪ್ರಾಯ. ಮುಂದಿನ ವರ್ಷ ಊರಿಗೆ ಹೋಗುವವನಿಗೆ ಇಲ್ಲಿ ರಂಗಮಂಟಪ ಯಾಕೆ ಬೇಕು?

ಈಗ ಪತ್ರಿಕೆ. ಮುಂದಿನ ಪೋಸ್ಟಿನಲ್ಲಿ ಬರೆಯುತ್ತೇನೆ.

ಶಿವಮೊಗ್ಗ ಮೇಷ್ಟ್ರು:
ದ್ಮಿತ್ರಿ ವಿಸ್ಲೊತ್ಸ್ಕಿ, 1888ರಲ್ಲಿ ವಾಬೊವಾ ಹಳ್ಳಿಯಲ್ಲಿ ಹುಟ್ಟಿದವನು. ತಾಲೆರ್‌ಹೋಫ್ ಸೆರೆ ಕಂಡವನು. 1920ರ ದಶಕದಲ್ಲಿ ಅಟ್ಲಾಂಟಿಕ್ ದಾಟಿದ. ಅವನ ಕಾವ್ಯನಾಮ ವಾನ್ಯೊ ಹುನ್ಯಾಂಕ. 'ಹುನ್ಯಾ' ಅಂದರೆ ಲೆಮ್ಕೊ ರೈತ ತೊಡುವ ದಪ್ಪ ಕಂಬಳಿಯ ಗಿಡ್ಡ ಕೋಟು. ನಮ್ಮಲ್ಲಿ ಒಬ್ಬ ಲೇಖಕ 'ಕಂಬಳಿ' ಅಂತ ಹೆಸರಿಟ್ಟುಕೊಂಡ ಹಾಗೆ ಅಂದುಕೊಳ್ಳಿ.

1928ರಲ್ಲಿ ಫಿಲಡೆಲ್ಫಿಯಾದಲ್ಲಿ 'ಲೆಮ್ಕೊ' ಅನ್ನುವ ಪತ್ರಿಕೆ ಶುರುವಾಯಿತು. ಆಮೇಲೆ ಅದು ಕ್ಲೀವ್‌ಲ್ಯಾಂಡಿಗೆ ಬಂತು, ವಾಣಿಯವರ ಊರಿಗೆ. ಅದಕ್ಕೂ ಮೊದಲು ಪತ್ರಿಕೆಗಳು ಇರಲಿಲ್ಲ ಅಂತಲ್ಲ. 1893ರಿಂದ 'ಸ್ವೊಬೊದಾ', 1902ರಿಂದ 'ಪ್ರಾವ್ದಾ', ಹೀಗೆ ವಿಮಾ ಸಂಘಗಳ ಪತ್ರಿಕೆಗಳು ಬೇಕಾದಷ್ಟಿದ್ದವು. ಊರಲ್ಲೂ 1911ರಿಂದ ಕೆಲಕಾಲ 'ಲೆಮ್ಕೊ' ಹೆಸರಿನದೇ ಒಂದು ಪತ್ರಿಕೆ ನಡೆದಿತ್ತು. ಆದರೆ ಅಮೆರಿಕದ ಪತ್ರಿಕೆಗಳ ಭಾಷೆ ಬಹುಮಟ್ಟಿಗೆ ಒಂದೋ ಸಾಹಿತ್ಯಿಕ ಉಕ್ರೇನಿಯನ್, ಇಲ್ಲವೇ ಹೇಗೋ ಹೊಂದಿಸಿಕೊಂಡ ರಷ್ಯನ್. ಗಣಿಯವನಿಗೆ ಅದು ಗ್ರಾಂಥಿಕ. ಹುನ್ಯಾಂಕ ಬರೆದದ್ದು ಬುರ್ದ್ ಮನೆಯ ಊಟದ ಮೇಜಿನಲ್ಲಿ ಆಡುವ ಮಾತಿನಲ್ಲಿ. ಓದುಗರ ಕಾಗದಗಳು ಅದೇ ಮಾತಿನಲ್ಲಿ ಬಂದವು: ನಮ್ಮೂರಲ್ಲಿ ಹೊಸ ಶಾಖೆ ತೆರೆದೆವು, ಈ ಶನಿವಾರ ನಾಟಕ, ಇಂಥ ಹಳ್ಳಿಯ ಇಂಥವನು ಗಣಿ ಕುಸಿದು ಸತ್ತ, ಅವನ ಹೆಂಡತಿಗೆ ಚಂದಾ ಎತ್ತೋಣ. ಶಾಲೆಯ ಮುಖ ನೋಡದವನು ಕೂಡ, ಇನ್ನೊಬ್ಬ ಓದಿದ್ದು ಕೇಳಿ, 'ಅರೆ, ಇದು ನಮ್ಮವ್ವನ ಮಾತು' ಅಂದುಕೊಂಡಿರಬೇಕು. ಹುನ್ಯಾಂಕ ನಾಟಕಗಳನ್ನೂ ಬರೆದ, ಸಂಘದ ಶಾಖೆಗಳ ಹವ್ಯಾಸಿಗಳು ಆಡಿದರು.

ಸಂಘದ ಹೆಸರು ಲೆಮ್ಕೊ-ಸೊಯುಜ್. 1929ರಲ್ಲಿ ಕೆನಡಾದ ವಿನಿಪೆಗ್‌ನಲ್ಲಿ ಶುರು, 1931ರಲ್ಲಿ ಅಮೆರಿಕದಲ್ಲಿ, ಕ್ಲೀವ್‌ಲ್ಯಾಂಡಿನಲ್ಲಿ. 1930ರ ದಶಕದ ಕೊನೆಗೆ ಪತ್ರಿಕೆ 'ಕಾರ್ಪಾತ್ಸ್ಕಾ ರುಸ್' ಎಂದಾಯಿತು, ಸಂಘದ ಕೇಂದ್ರ ಯಾಂಕರ್ಸಿಗೆ ಹೋಯಿತು, ಅಲ್ಲಿ ದೊಡ್ಡ ಸಭಾಭವನ ಎದ್ದಿತು. ಬಿಕ್ಕಟ್ಟಿನ ಕಾಲ ಅದು, ಗಣಿಗಳಲ್ಲಿ ವಾರಕ್ಕೆರಡು ದಿನ ಕೆಲಸ ಸಿಕ್ಕರೆ ಪುಣ್ಯ. ಅಂಥ ಕಾಲದಲ್ಲಿ ಕೂಲಿಗಳು ಕಟ್ಟಡ ಕಟ್ಟಿದ್ದು ನೆನೆಸಿಕೊಂಡರೆ ನನಗೆ ಮೈ ಜುಮ್ಮೆನ್ನುತ್ತದೆ.

ಪುತ್ತೂರಿನ ಹುಡುಗ:
ತುಂಬಾ ಉಪಕಾರ ಮೇಷ್ಟ್ರೇ. ಊರಲ್ಲಿ ಶಾಲೆಯಲ್ಲಿ ಕಲಿಸಿದರೇ?

ಶಿವಮೊಗ್ಗ ಮೇಷ್ಟ್ರು:
ಕೆಲವು ವರ್ಷ. ಮೆತೋದಿ ತ್ರೊಖಾನೊವ್‌ಸ್ಕಿ ಎಂಬ ಶಿಕ್ಷಕರು ಬರೆದ ಅಕ್ಷರಮಾಲೆ 1935ರಲ್ಲಿ ಬಂತು, ಶಾಲೆಗಳಲ್ಲಿ ಲೆಮ್ಕೊ ಮಾತು ಕೇಳಿಸಿತು. ಪೋಲೆಂಡ್ ಸರಕಾರ ಇದಕ್ಕೆ ಒಪ್ಪಿದ್ದು ಪ್ರೀತಿಯಿಂದಲ್ಲ, ಇವರು ಉಕ್ರೇನಿಯನ್ ಚಳವಳಿಗೆ ಸೇರದಿರಲಿ ಅಂತ. 1938ಕ್ಕೆ ಆ ಪಾಠ ನಿಂತಿತು. ಆದರೆ ಒಮ್ಮೆ ತಮ್ಮ ಮಾತನ್ನು ಅಚ್ಚಿನಲ್ಲಿ ಓದಿದ ಮಕ್ಕಳು ಅದನ್ನು ಮರೆಯಲಿಲ್ಲ.

ತಟ್ಟೆಗಾನ:
ನಾನು ಹಳೇ ಗ್ರಾಮಫೋನ್ ತಟ್ಟೆ ಕೂಡಿಸುವವನು, ಬೆಂಗಳೂರು. ಪತ್ರಿಕೆ ಸರಿ, ಆದರೆ ಅಕ್ಷರ ಬಾರದ ಮನೆಗೂ ಹೋದದ್ದು ಹಾಡಿನ ತಟ್ಟೆ. ಇದನ್ನು ಬಿಟ್ಟರೆ ಲೆಮ್ಕೊ ಕಥೆ ಅರ್ಧ.

1920ರ ದಶಕದಲ್ಲಿ ಅಮೆರಿಕದ ಕಂಪನಿಗಳಿಗೆ ಒಂದು ವಿಷಯ ಹೊಳೆಯಿತು: ವಲಸಿಗ ಗ್ರಾಮಫೋನ್ ಕೊಳ್ಳಬೇಕಾದರೆ ಅವನ ಭಾಷೆಯ ತಟ್ಟೆ ಬೇಕು. ಪಾವ್ಲೊ ಹುಮೆನ್ಯುಕ್ ಎಂಬ ಪಿಟೀಲುಗಾರ 1926ರ ಹೊತ್ತಿಗೆ ಕೊಲಂಬಿಯಾ ಕಂಪನಿಗೆ ಉಕ್ರೇನಿಯನ್ ಮದುವೆಯೊಂದನ್ನು ನುಡಿಸಿಕೊಟ್ಟ, ಅದು ಎಲ್ಲರೂ ಬೆರಗಾಗುವಷ್ಟು ಮಾರಾಟವಾಯಿತು. ಅದನ್ನು ನೋಡಿ ಸ್ತೆಫಾನ್ ಶ್ಕಿಂಬಾ ಎಂಬ ಲೆಮ್ಕೊ ವಲಸಿಗ ಎರಡು ವರ್ಷದಲ್ಲಿ ನ್ಯೂಯಾರ್ಕಿನಲ್ಲಿ ಓಕೆ ಕಂಪನಿಗೆ ಲೆಮ್ಕೊ ಮದುವೆಯನ್ನು ತಟ್ಟೆಗಿಳಿಸಿದ.

ಕೆಲಸ ಎಷ್ಟು ಕಷ್ಟದ್ದು ಅಂತ ಯೋಚಿಸಿ. ಲೆಮ್ಕೊ ಮದುವೆ ದಿನಗಟ್ಟಲೆ ನಡೆಯುವಂಥದ್ದು. ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುವುದು ಮೂರು ನಿಮಿಷ. ಹೆಣ್ಣು ಮನೆ ಬಿಡುವುದು ಮೂರು ನಿಮಿಷ, ಚರ್ಚಿನಿಂದ ಮರಳುವುದು ಮೂರು ನಿಮಿಷ. ನಡುನಡುವೆ ಮಾತು, ನಗು, ಪಿಟೀಲು, ಹಿರಿಯನ ಆಶೀರ್ವಾದ. ಮದುವೆಯ ಕೊನೆಗೆ 'ಚೆಪೆಚ್' ಶಾಸ್ತ್ರ ಬರುತ್ತದೆ: ಹೆಣ್ಣಿನ ತಲೆಯ ಹೂವಿನ ಕಿರೀಟ ತೆಗೆದು ಗೃಹಿಣಿಯ ಟೋಪಿ ತೊಡಿಸುವುದು. ಹೆಂಗಸರೆಲ್ಲ ಸುತ್ತ ನಿಂತು ಹಾಡುತ್ತಾರೆ. ತವರಿನ ನೆನಪು, ಅಳು, ಎಲ್ಲ ಆ ಹಾಡಿನಲ್ಲಿ. ನನಗೆ ಮಾತು ಒಂದೂ ತಿಳಿಯುವುದಿಲ್ಲ, ಆದರೆ ಅಂಥ ದನಿ ಕೇಳುವಾಗ ನಮ್ಮ ಅಮ್ಮನ ಊರಿನ ಸೋಬಾನೆ ಹಾಡುವವರೇ ಕಣ್ಣ ಮುಂದೆ ಬರುತ್ತಾರೆ.

ಹೋಟೆಲು, ಮಿಲ್ಲು, ಗಣಿಯಲ್ಲಿ ದುಡಿದು, ಮದುವೆಗೆ ಊರಿಗೆ ಹೋಗಲಾಗದವರು ಬಾಡಿಗೆ ಕೋಣೆಯಲ್ಲಿ ಕೂತು ಮದುವೆ ಕೇಳಿದರು. ತಟ್ಟೆಗಳು ಊರಿಗೂ ಪಾರ್ಸೆಲ್ ಹೋದವು ಅಂದರೆ ನನಗೆ ಆಶ್ಚರ್ಯವಾಗುವುದಿಲ್ಲ.

ಹೊಳೆದಂಡೆ ವಾಣಿ:
ಓದಿ ಗಂಟಲು ಕಟ್ಟಿತು ಸರ್. ನಾವು ಈಗ ಫೋನಿನಲ್ಲಿ ವಿಡಿಯೊ ಕರೆ ಮಾಡಿ ತಂಗಿಯ ಅರಿಶಿನ ಶಾಸ್ತ್ರ ನೋಡುತ್ತೇವೆ. ಕಳೆದ ವರ್ಷ ನಾನು ಹಾಗೆಯೇ ನೋಡಿದೆ, ರಾತ್ರಿ ಎರಡು ಗಂಟೆಗೆ, ಅಡುಗೆಮನೆಯಲ್ಲಿ ಒಬ್ಬಳೇ ಕೂತು.

ಗಡಿಯಾರ ಗೋಪಿ:
ಆ ಚಿತ್ರಕಾರ ಆಂಡಿ ವಾರ್ಹೋಲ್ ಕೂಡ ಲೆಮ್ಕೊ ಅಂತ ಎಲ್ಲೋ ಓದಿದೆ. ನಿಜವೇ?

ತಟ್ಟೆಗಾನ:
ಅಲ್ಲ ಗೋಪಿ. ರುಸಿನ್ ಹೌದು, ಲೆಮ್ಕೊ ಅಂತ ಹೇಳಲಾಗದು. ಅವನ ತಂದೆತಾಯಿ ಬೆಟ್ಟದ ದಕ್ಷಿಣದ ಮಿಕೊವಾ ಹಳ್ಳಿಯವರು, ಈಗ ಸ್ಲೊವಾಕಿಯಾ. ಅಪ್ಪ ಮೊದಲು ಬಂದ, ತಾಯಿ ಯೂಲಿಯಾ ಬರಲು 1921 ಆಯಿತು, ನಡುವೆ ಯುದ್ಧ. 1928ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಅವನು ಹುಟ್ಟಿದ. ಅದೇ ವರ್ಷ 'ಲೆಮ್ಕೊ' ಪತ್ರಿಕೆ ಹುಟ್ಟಿದ್ದು. ಅವನ ಆರಂಭದ ಚಿತ್ರಗಳ ಮೇಲಿನ ಸುರುಳಿ ಅಕ್ಷರಗಳು ಎಷ್ಟೋ ಕಡೆ ಆ ತಾಯಿಯ ಕೈಬರಹ.

ಲೆಮ್ಕೊ ಚಿತ್ರಕಾರ ಬೇಕೆಂದರೆ ನಿಕಿಫೋರ್ ಇದ್ದಾನೆ. ಕ್ರಿನಿತ್ಸಾದ ಬೀದಿಯಲ್ಲಿ ಕೂತು, ಸಿಗರೇಟ್ ಪೊಟ್ಟಣ, ಹಳೇ ಕಾಗದ ಸಿಕ್ಕಿದ್ದರ ಮೇಲೆಲ್ಲ ಚರ್ಚು, ರೈಲು ನಿಲ್ದಾಣ ಬರೆದು ಬಂದುಹೋಗುವವರಿಗೆ ಮಾರುತ್ತಿದ್ದ. ಮಾತು ಸರಿಯಾಗಿ ಬಾರದವನು. ಅವನು ಅಮೆರಿಕಕ್ಕೆ ಹೋದವನಲ್ಲ, ಅದಕ್ಕೇ ಇಲ್ಲಿಗೆ ನಿಲ್ಲಿಸುತ್ತೇನೆ.

ಬಿಳಿಗಿರಿ:
ಮೇಷ್ಟ್ರೇ, ನಿಮ್ಮ ವಿವರಣೆಗೆ ಕೃತಜ್ಞತೆ. ನನ್ನ ಮೊದಲಿನ ಮಾತು ಅವಸರದ್ದಾಯಿತು. ಆದರೆ ಇನ್ನೊಂದು ಹೇಳಲೇಬೇಕು. ಈ ಲೆಮ್ಕೊ-ಸೊಯುಜ್ ಮತ್ತು ಹುನ್ಯಾಂಕ ಸೋವಿಯತ್ ಒಕ್ಕೂಟವನ್ನು ಹೊಗಳುತ್ತಿದ್ದರಲ್ಲವೆ? 1930ರ ದಶಕದಲ್ಲಿ ಅಲ್ಲಿ ಏನು ನಡೆಯುತ್ತಿತ್ತು ಅಂತ ನಮಗೆ ಗೊತ್ತು. ಉಕ್ರೇನಿನ ಬರಗಾಲ, ಗಡೀಪಾರು. ಅದರ ಬಗ್ಗೆ ಅವರ ಪತ್ರಿಕೆ ನಡೆದುಕೊಂಡ ರೀತಿಯನ್ನು ಮರೆಯಬಾರದು. ಉಕ್ರೇನಿಯನ್ ಒಲವಿನ ಲೆಮ್ಕೊಗಳು 1930ರ ದಶಕದಲ್ಲಿ ಬೇರೆ ಸಂಘಟನೆ ಕಟ್ಟಿಕೊಂಡದ್ದಕ್ಕೆ ಇದೂ ಒಂದು ಕಾರಣ.

ಶಿವಮೊಗ್ಗ ಮೇಷ್ಟ್ರು:
ಒಪ್ಪುತ್ತೇನೆ, ಪೂರ್ತಿ ಒಪ್ಪುತ್ತೇನೆ. ಪಸೇಯಿಕ್‌ನ ಮುಷ್ಕರ ನೆನಪಿಟ್ಟುಕೊಳ್ಳಿ ಅಂದೆನಲ್ಲ. ಮಿಲ್ಲಿನಲ್ಲಿ ಕೂಲಿ ಕಡಿತ, ಗಣಿಯಲ್ಲಿ ಕೆಲಸವಿಲ್ಲ, ಊರಲ್ಲಿ ಪೋಲಿಷ್ ಅಧಿಕಾರಿ. ಅಂಥವರಿಗೆ 'ಪೂರ್ವದಲ್ಲಿ ನಮ್ಮಂಥವರ ಸರಕಾರ ಇದೆ' ಅನ್ನುವ ಮಾತು ಎಷ್ಟು ಸಿಹಿಯಾಗಿ ಕೇಳಿಸಿತು ಎಂದು ಅರ್ಥವಾಗುತ್ತದೆ. ಅರ್ಥವಾಯಿತು ಅಂತ ಸರಿ ಅನ್ನಲಾಗದು. ಮಾತಿನ ವಿಷಯದಲ್ಲಿ ಅಷ್ಟು ನಿಚ್ಚಳವಾಗಿ ಕೇಳಿಸಿಕೊಂಡ ಹುನ್ಯಾಂಕನಿಗೆ ಹಸಿದವರ ದನಿ ಕೇಳಿಸಲಿಲ್ಲ. ಯುದ್ಧ ಮುಗಿದ ಮೇಲೆ ಅವನು ಸೋವಿಯತ್ ಒಕ್ಕೂಟಕ್ಕೇ ಹೋಗಿ ನೆಲೆಸಿದ, 1968ರಲ್ಲಿ ಲ್ವಿವ್‌ನಲ್ಲಿ ತೀರಿಕೊಂಡ.

ಆದರೆ ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಊರಿಗೆ. 1944ರಿಂದ 46ರ ನಡುವೆ ಲೆಮ್ಕೊಗಳಲ್ಲಿ ಹೆಚ್ಚಿನವರನ್ನು ಸೋವಿಯತ್ ಉಕ್ರೇನಿಗೆ ಸಾಗಿಸಿದರು. ಕೆಲವರು ಪ್ರಚಾರ ನಂಬಿ ತಾವೇ ಹೋದರು, ಬಹಳ ಜನರನ್ನು ಬಲವಂತದಿಂದ. ಉಳಿದವರಿಗೆ 1947ರ ಏಪ್ರಿಲ್ 28ರಿಂದ 'ವಿಸ್ವಾ ಕಾರ್ಯಾಚರಣೆ'. ಪೋಲೆಂಡಿನ ಸೇನೆ ಸುಮಾರು 1,40,000 ಉಕ್ರೇನಿಯನ್ನರು ಮತ್ತು ಲೆಮ್ಕೊಗಳನ್ನು ರೈಲಿಗೆ ತುಂಬಿ ದೇಶದ ಪಶ್ಚಿಮ, ಉತ್ತರದ ಮೂಲೆಗಳಿಗೆ ಚದುರಿಸಿತು. ಹಳ್ಳಿಗಳು ಖಾಲಿ. ತಟ್ಟೆಗಾನ ಅವರು ಹೇಳಿದ ನಿಕಿಫೋರನನ್ನೂ ಸಾಗಿಸಿದರು, ಅವನು ನಡೆದುಕೊಂಡೇ ಕ್ರಿನಿತ್ಸಾಕ್ಕೆ ಮರಳಿದ, ಮತ್ತೆ ಸಾಗಿಸಿದರು, ಮತ್ತೆ ಮರಳಿದ.

ಇವತ್ತು ಕ್ವಿಯಾತೋನ್, ಒವ್ಚಾರಿಯಂಥ ಕಡೆ ಉಳಿದ ಮರದ ಚರ್ಚುಗಳು ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ, 2013ರಿಂದ. ಎಷ್ಟೋ ಹಳ್ಳಿಗಳಲ್ಲಿ ಬರೀ ದಾರಿಬದಿಯ ಕಲ್ಲಿನ ಶಿಲುಬೆ, ಕಾಡಿನ ನಡುವೆ ಹಣ್ಣಿನ ಮರ. ಹಣ್ಣಿನ ಮರ ಇದ್ದ ಕಡೆ ಮನೆ ಇತ್ತು ಅಂತ ಲೆಕ್ಕ.

ತಟ್ಟೆಗಾನ:
ಊರಿನ ಮದುವೆ ಊರಲ್ಲಿ ಇಲ್ಲವಾದ ಮೇಲೂ ನ್ಯೂಯಾರ್ಕಿನ ತಟ್ಟೆಯಲ್ಲಿ ಇದೆ. ಬೇರೆ ಏನೂ ಹೇಳಲು ತೋಚುತ್ತಿಲ್ಲ.

ನಾಗವೇಣಿ, ಕ್ಲಿಫ್ಟನ್:
ನಿನ್ನೆ ಸಂಜೆ ಆ ಅಜ್ಜಿಯ ಮನೆಗೆ ಮತ್ತೆ ಹೋಗಿದ್ದೆ. ಮೇಷ್ಟ್ರು ಹೇಳಿದ್ದನ್ನೆಲ್ಲ ನನಗೆ ಬಂದ ಹಾಗೆ ಇಂಗ್ಲಿಷಿನಲ್ಲಿ ಹೇಳಿದೆ. ಒಂದು ಹಳೇ ಬಿಸ್ಕತ್ತಿನ ಡಬ್ಬಿ ತೆಗೆದು ಕಾಗದ ಪತ್ರ ತೋರಿಸಿದರು. ಅವರ ಮೊಮ್ಮಗ ಜನಗಣತಿಯ ಹಾಳೆಗಳ ನಕಲು ತೆಗೆಸಿಟ್ಟಿದ್ದಾನೆ. ಅವರ ಅಜ್ಜಿಯ ಹೆಸರಿನ ಮುಂದೆ ಹುಟ್ಟಿದ ದೇಶ 1910ರಲ್ಲಿ ಆಸ್ಟ್ರಿಯಾ. 1930ರಲ್ಲಿ ಪೋಲೆಂಡ್. ಮಾತೃಭಾಷೆಯ ಜಾಗದಲ್ಲಿ ಒಮ್ಮೆ ರಷ್ಯನ್, ಒಮ್ಮೆ ಪೋಲಿಷ್. ಆಕೆ ಹುಟ್ಟಿದ ಹಳ್ಳಿ ಒಂದೇ, ಗೊರ್ಲಿತ್ಸೆಯಿಂದ ಅರ್ಧ ದಿನದ ನಡಿಗೆ.

"ಹಾಗಾದರೆ ಮನೆಯಲ್ಲಿ ಆ ಮಾತಿಗೆ ಏನು ಅನ್ನುತ್ತಿದ್ದರು, ಲೆಮ್ಕೊ ಅಂತಲೇ?" ಅಂತ ಕೇಳಿದೆ. ಇಲ್ಲ, ಆ ಹೆಸರು ಸಂಘಕ್ಕೆ ಹೋದಾಗ, ಪತ್ರಿಕೆ ಬಂದಾಗ. ಅಡುಗೆಮನೆಯಲ್ಲಿ ಅದಕ್ಕೆ ಹೆಸರೇ ಇರಲಿಲ್ಲವಂತೆ. ಮಕ್ಕಳು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ ಆಕೆ ಸೌಟು ಎತ್ತಿ "ಪೊ ನಾಶೊಮು!" ಅನ್ನುತ್ತಿದ್ದರಂತೆ.

ಅಂದರೆ, ನಮ್ಮ ಹಾಗೆ ಮಾತಾಡು.